ಪಾತೆಯ ಮನೆಗೆ ಒಂದು ಸಲಾಮು

ಉಪವಾಸದ ತಿಂಗಳು ಮುಗಿದ ವಾರದಲ್ಲೇ ಅಮ್ಮ ಹಾಸಿಗೆ ಹಿಡಿದಳು. ನಾನು ಪಕ್ಕದಲ್ಲಿ ಕೂತು, ಕೈಯಲ್ಲಿ ಟೋಪಿಯ ಕಸೂತಿ ಹಿಡಿದುಕೊಂಡು, ಬಾಯಲ್ಲಿ ಸಾಯುವವರ ಪಕ್ಕ ಓದುವ ಯಾಸೀನ್ ಓದುತ್ತಿದ್ದೆ. ನಮ್ಮ ಲಾಮು ದ್ವೀಪದಲ್ಲಿ ಟೋಪಿ ಹೊಲಿಯುವ ಗಂಡಸರಿಗೆ ಇದೊಂದು ಅನುಕೂಲ, ಕೈ ದುಡಿಯುತ್ತಿದ್ದರೂ ಬಾಯಿ ದೇವರ ಹತ್ತಿರ ಇರಬಹುದು. ಒಂದು ಬೆಳಿಗ್ಗೆ ಅಮ್ಮ ದೃಷ್ಟಿ ಹೋದ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿ, "ಸಾಕು ಬುನು, ನಾನು ಇವತ್ತೇನೂ ಸಾಯಲ್ಲ. ಗಂಜಿ ಕೊಡು," ಎಂದಳು.

ಗಂಜಿ ಕುಡಿದು ಬಟ್ಟಲನ್ನು ನನ್ನ ಕೈಗೆ ಕೊಡುವಾಗ ಅವಳ ಮುಖದಲ್ಲಿ ಹೆದರಿಕೆ ಕಂಡಿತು. ಕಾಯಿಲೆಯಲ್ಲಿದ್ದಾಗ ಅದು ಇರಲಿಲ್ಲ.

"ಹೋಗಿಬಿಟ್ಟಿದ್ರೆ ನನ್ನ ಗತಿ ಏನಾಗ್ತಿತ್ತು? ಅಲ್ಲಿ ಬಾರ್ಕೆ ಅಜ್ಜಿ ಬಾಗಿಲಲ್ಲೇ ನಿಂತಿರ್ತಾಳೆ. 'ಸೊಮೊಯೆ, ನನ್ನ ಸಲಾಮು ಕೊಟ್ಟೆಯೇನೇ?' ಅಂತ ಕೇಳ್ತಾಳೆ. ಏನು ಹೇಳ್ಲಿ ಅವಳಿಗೆ? ಲಾಮು ಬಿಟ್ಟು ಕದಲಲೇ ಇಲ್ಲ ಅಂತ ಹೇಳ್ಲಾ?"

ಮ್ವಾನಾ ಬಾರ್ಕೆ ನನ್ನ ಅಮ್ಮನ ಅಜ್ಜಿಯ ಅಮ್ಮ. ಪಾತೆ ದ್ವೀಪದ ಹುಡುಗಿ. ಆ ಊರು ದೊಡ್ಡದಾಗಿದ್ದ ಕಾಲದ ಕೊನೆಯಲ್ಲಿ ಅವಳನ್ನು ಲಾಮುವಿಗೆ ಮದುವೆ ಮಾಡಿ ಕಳಿಸಿದರು. ಎರಡೂ ಊರಿಗೆ ಆಮೇಲೆ ಜಗಳ ಬಿತ್ತು, ದಾರಿ ಮುಚ್ಚಿತು. ತನ್ನ ತಾಯಿ ಬದುಕಿದ್ದಾಳೋ ಇಲ್ಲವೋ ತಿಳಿಯದೆ ಬಾರ್ಕೆ ಒಂದು ಪದ್ಯ ಕಟ್ಟಿದಳು. ಲಾಮುವಿನಿಂದ ಪಾತೆಗೆ ಹೋಗಿ ತಾಯಿಯ ಮನೆ ಸೇರುವ ದಾರಿಯೇ ಆ ಪದ್ಯ. ಪ್ರತಿ ನುಡಿಯ ಕೊನೆಗೂ ಒಂದೇ ಸಾಲು: *ನನ್ನಮ್ಮನಿಗೆ ನನ್ನ ಸಲಾಮು ಹೇಳೆ.* ಅದನ್ನು ಮಗಳಿಗೆ ಕಲಿಸಿದಳು, ಆ ಮಗಳು ತನ್ನ ಮಗಳಿಗೆ. ಎಲ್ಲರೂ ಬಾಯಿಪಾಠ ಮಾಡಿದರು, ಯಾರೂ ಹೋಗಲಿಲ್ಲ. ಬಸಿರು, ಬಾಣಂತನ, ಮುಂಗಾರಿನ ಕಡಲು, ಗಂಡನ ಒಪ್ಪಿಗೆ, ಒಬ್ಬೊಬ್ಬರಿಗೆ ಒಂದೊಂದು ಅಡ್ಡಿ. ಯಾರಾದರೂ ನಮ್ಮ ಕೈಯಲ್ಲಿ ಸಲಾಮು ಹೇಳಿ ಕಳಿಸಿದರೆ ಅದು ಒಪ್ಪಿಸಿದ ಒಡವೆಯಿದ್ದ ಹಾಗೆ. ಮುಟ್ಟಿಸುವವರೆಗೆ ಹೊಣೆ ಇಳಿಯುವುದಿಲ್ಲ. ನಮ್ಮ ಅಕ್ಕ ಜೇನಾ ಹೋಗುತ್ತಾಳೆಂದು ಅಮ್ಮ ನಂಬಿದ್ದಳು. ಜೇನಾ ಮೊದಲ ಹೆರಿಗೆಯಲ್ಲೇ ದೇವರ ಪಾದ ಸೇರಿದಳು. ಅಲ್ಲಿಗೆ ಆ ಸಲಾಮು ಅಮ್ಮನ ಕೈಯಲ್ಲೇ ಉಳಿಯಿತು.

ಪದ್ಯ ನನಗೂ ಪೂರ್ತಿ ಬರುತ್ತದೆ. ಯಾರೂ ಕಲಿಸಲಿಲ್ಲ, ಅದು ಹೆಣ್ಣುಮಕ್ಕಳದು. ಸಂಜೆ ಒಳಮನೆಯಲ್ಲಿ ಅಮ್ಮ ಹೇಳಿಕೊಡುತ್ತಿದ್ದಳು, ಅಕ್ಕ ಒಪ್ಪಿಸುತ್ತಿದ್ದಳು, ನಾನು ಹೊರಗಿನ ಜಗಲಿಯಲ್ಲಿ ಕೇಳುತ್ತಿದ್ದೆ. ಪಾತೆಯನ್ನು ನಾನು ಕಣ್ಣಿಂದ ನೋಡುವುದಕ್ಕಿಂತ ಎಷ್ಟೋ ವರ್ಷ ಮೊದಲೇ ಕಿವಿಯಿಂದ ನೋಡಿಯಾಗಿತ್ತು.

"ನಾನೇ ಹೋಗಿ ಹೇಳಿ ಬರ್ತೀನಲ್ಲಮ್ಮ," ಎಂದೆ.

"ನಿನಗೆ ಹೇಳಿದ್ದಾಳಾ ಅವಳು? 'ಮಗಳೆ' ಅಂದಿದ್ದಾಳೆ. ನೀನು ಮಗಳಾ? ಗಡ್ಡ ಮುಟ್ಕೊಂಡು ನೋಡು."

ಹೀಗೆ ನಾವು ಹೊರಟೆವು.

*

ದೋಣಿ ನನ್ನ ಚಿಕ್ಕಮ್ಮನ ಮಗ ಕುಪಿಯದು. ಪಾತೆಯ ಮುಂದಿನ ಕಡಲು ಆಳವಿಲ್ಲ. ಭರತದ ನೀರು ಏರಿದಾಗ ಮಾತ್ರ ದೋಣಿ ದಡ ಮುಟ್ಟುತ್ತದೆ, ಇಳಿದರೆ ಬರೀ ಕೆಸರು. ಕುಪಿ ಅಮ್ಮನನ್ನು ಎತ್ತಿಕೊಂಡು ಹಿಂಬದಿಯ ಚಾಪೆಯ ಮೇಲೆ ಕೂರಿಸಿದ. "ದೊಡ್ಡಮ್ಮ, ಹಗುರ ಆಗಿದ್ದೀಯ. ಮೀನಿನ ಬುಟ್ಟಿ ಇದಕ್ಕಿಂತ ಭಾರ," ಎಂದ.

"ಮೀನು ಮಾತಾಡಲ್ಲ, ಅದಕ್ಕೇ ಅದರ ತೂಕ ಒಳಗೇ ಇರುತ್ತೆ," ಎಂದಳು ಅಮ್ಮ.

ಕುಪಿ ಎಂಜಿನ್ ಶುರು ಮಾಡುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು, "ಅಣ್ಣ, ಮಧ್ಯಾಹ್ನದ ಬಾಂಗಿಗಿಂತ ಮೊದಲೇ ವಾಪಸ್ ಹೊರಡಬೇಕು. ನೀರು ಇಳೀತಂದ್ರೆ ದೋಣಿ ಎಮ್ಮೆ ಥರ ಕೆಸರಲ್ಲಿ ಮಲಗುತ್ತೆ. ಆಮೇಲೆ ನನ್ನ ಬೈಬೇಡ," ಎಂದು ಎಚ್ಚರಿಸಿದ.

ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲ ಕಾಡಿನ ನಡುವಿನ ಸಂದಿಯಲ್ಲಿ ದೋಣಿ ಸಾಗುವಾಗ ಅಮ್ಮ ಮೂಗು ಮೇಲೆತ್ತಿ ಗಾಳಿಯನ್ನು ಹಿಡಿದಳು. "ಮಾಂಡಾ ಬಂತಾ?"

"ಬಲಗಡೆ ಇದೆಯಮ್ಮ ಆ ದ್ವೀಪ. ಹಳೇ ಊರಿನ ಗೋಡೆ ಕಾಣ್ತಿದೆ."

"ನೀರಿನ ಹತ್ತಿರವೇ ಇದೆಯಾ ಗೋಡೆ?"

"ನೀರಲ್ಲೇ ನಿಂತಿದೆ."

ಅವಳು ತಲೆಯಾಡಿಸಿದಳು. ಆಮೇಲೆ ಎಂಜಿನ್ನಿನ ಸದ್ದಿನ ಮೇಲೆಯೇ, ರಾಗವನ್ನು ಒಂದಿಷ್ಟೂ ಏರಿಸದೆ, ಹೇಳಿದಳು:

*ಮಾಂಡಾದ ಬಾವಿಯಲಿ ಇರುವುದುಪ್ಪಿನ ನೀರು,*
*ಮದುವೆ ಹುಡುಗಿಯ ಕಣ್ಣಲಿಳಿದುದದೆ ನೀರು,*
*ಕುಡಿಯದಿರು ಅಲ್ಲಿ ನೀ, ನಿಲ್ಲದಿರು ಮಗಳೆ,*
*ನನ್ನಮ್ಮನಿಗೆ ನನ್ನ ಸಲಾಮು ಹೇಳೆ.*

ಆ ಗೋಡೆಯನ್ನು ನಾನು ಹಿಂದೆಯೂ ನೋಡಿದ್ದೆ. ಸಂಬಂಧಿಕರ ಮದುವೆಗೆ ಹೋಗುವಾಗ, ಸುಣ್ಣದ ಕಲ್ಲು ಹೊತ್ತ ದೋಣಿಯಲ್ಲಿ ಬರುವಾಗ. ಆಗ ಅದು ಬರೀ ಗೋಡೆಯಾಗಿತ್ತು. ಈಗ ಅದರ ಕೆಳಗೆ ದೋಣಿ ನಿಲ್ಲಿಸಿ, ಬಾಯಾರಿದರೂ ಇಳಿಯದೆ ಅಳುತ್ತಾ ಕೂತ ಹದಿನೈದರ ಹುಡುಗಿಯೊಬ್ಬಳು ಕಂಡಳು. ಬಾರ್ಕೆ ಪಾತೆಯಿಂದ ಲಾಮುವಿಗೆ ಬಂದವಳು. ನಾವು ಅವಳ ಅಳುವನ್ನು ಹಿಂದು ಮುಂದಾಗಿ ದಾಟುತ್ತಿದ್ದೆವು.

"ಈ ಜಾಗಕ್ಕೆ ನಮ್ಮ ದೋಣಿಯವರದ್ದೂ ಒಂದು ಹಾಡಿದೆ ದೊಡ್ಡಮ್ಮ," ಎಂದ ಕುಪಿ. "ಹೇಳ್ಲಾ?"

"ಗೊತ್ತು ನನಗೆ. ನಿಮ್ಮಪ್ಪ ಹಾಡ್ತಿದ್ದ. ಬಾಯಿ ಮುಚ್ಕೊಂಡು ಚುಕ್ಕಾಣಿ ಹಿಡಿ."

*

ಪಾತೆಯಲ್ಲಿ ಈಗ ಜನ ಇರುವ ಊರು ಚಿಕ್ಕದು. ಅದರ ಬೆನ್ನಿಗೆ ಹಳೆಯ ಊರು ಬಿದ್ದುಕೊಂಡಿದೆ. ಗೋಡೆಗಳು ಇವೆ, ಮಾಳಿಗೆ ಇಲ್ಲ. ಕೋಣೆಗಳ ಒಳಗೆಲ್ಲ ಹೊಗೆಸೊಪ್ಪು. ಹವಳದ ಕಲ್ಲಿನ ಗೋಡೆ ಗಾಳಿಯನ್ನು ತಡೆಯುವುದರಿಂದ ಸೊಪ್ಪು ಚೆನ್ನಾಗಿ ಬರುತ್ತದೆ. ಒಂದೊಂದು ಕೋಣೆ ಒಬ್ಬೊಬ್ಬರ ಮಡಿ.

ಪದ್ಯದಲ್ಲಿ ಬರುವ ಮಸೀದಿ ಸುಲಭವಾಗಿ ಸಿಕ್ಕಿತು. ನಮಾಜಿನಲ್ಲಿ ಮುಖ ಮಾಡುವ ಕಿಬ್ಲಾದ ಗೋಡೆಯ ಕಮಾನಿನ ಸುತ್ತ ಹಿಂದೆ ಹಸಿರು ಬೋಗುಣಿಗಳನ್ನು ಕೂರಿಸಿದ್ದರು. ಈಗ ಬೋಗುಣಿಗಳಿಲ್ಲ, ಅವು ಇದ್ದಷ್ಟೇ ದುಂಡನೆಯ ಗುಳಿಗಳಿವೆ. ಅಮ್ಮನ ಬೆರಳನ್ನು ಒಂದು ಗುಳಿಯಲ್ಲಿ ಇಟ್ಟೆ. ಅವಳು ಬೆರಳನ್ನು ಸುತ್ತಲೂ ಆಡಿಸಿ, ತುಟಿಗೆ ಮುಟ್ಟಿಸಿಕೊಂಡಳು. ಬಾವಿಯೂ ಇತ್ತು, ಬಾವಿಯ ನೀರು ಹಾಯುವ ಕಾಲುವೆಯೂ ಇತ್ತು, ಅದು ತಾಗಿದ ಗೋಡೆಯೂ ಇತ್ತು.

*ಹಸಿರು ಬೋಗುಣಿಯಿಟ್ಟ ಮಸೀದಿಯ ಬಾವಿ,*
*ನಾನಾಳ ಗೋಡೆಗೆ ತಂಪೆರೆವ ಬಾವಿ.*

"ಇದು ನಾನಾಳ ಮನೆ," ಎಂದೆ. ನಾನಾ ಎಂದರೆ ಬಾರ್ಕೆಯ ತಾಯಿಯ ನೆರೆಯವಳು. ಪದ್ಯ ಸುಳ್ಳು ಹೇಳಿರಲಿಲ್ಲ. ಅಷ್ಟು ವರ್ಷ ಜಗಲಿಯಲ್ಲಿ ಕೂತು ಕೇಳಿದ್ದಕ್ಕೆ ಕಲ್ಲು ಸಾಕ್ಷಿ ನುಡಿದಿತ್ತು.

ಮುಂದಿನ ನುಡಿ ನನಗೆ ನೀರು ಕುಡಿದಷ್ಟು ಸಲೀಸು.

*ನಾನಾಳ ಮನೆಯಿಂದ ಎಶಾಳ ಮನೆಗೆ,*
*ಎಶಾಳ ಮನೆಯಿಂದ ಸೌದಾಳ ಮನೆಗೆ,*
*ಸೌದಾಳ ಮನೆಯಿಂದ ಅಮ್ಮನ ಮಡಿಲಿಗೆ.*

ಓಣಿಯಲ್ಲಿ ಸಾಲಾಗಿ ಮನೆಗಳಿದ್ದವು. ಅಮ್ಮನ ಕೈ ಹಿಡಿದು, ಮುಳ್ಳು ಸರಿಸಿ, ನಾನಾಳ ಮನೆ ದಾಟಿ ಎಶಾಳದು, ಅದನ್ನು ದಾಟಿ ಸೌದಾಳದು, ಅದರ ಮುಂದಿನದು ಅಮ್ಮನ ಮನೆ ಎಂದು ಲೆಕ್ಕ ಹಾಕಿ ಒಂದು ಮುರಿದ ಬಾಗಿಲ ಮುಂದೆ ನಿಲ್ಲಿಸಿದೆ. ಒಳಗೆ ಮೊಣಕಾಲೆತ್ತರದ ಹೊಗೆಸೊಪ್ಪಿನ ನಡುವೆ ಒಬ್ಬ ಹೆಂಗಸು ಬಗ್ಗಿ ಹುಳ ಆರಿಸುತ್ತಿದ್ದಳು. ಹೆಸರು ತಿಮ, ಊರವರಿಗೆ ಬಿ ತಿಮ, ಎಂದು ಆಮೇಲೆ ಗೊತ್ತಾಯಿತು.

"ಎಲ್ಲಿಯವರು?"

"ಲಾಮು."

"ಓಹೋ! ಲಾಮುನವರು ನಮ್ಮೂರ ಕಲ್ಲು ನೋಡೋಕೆ ಬಂದ್ರಾ? ನೋಡೋದ್ಯಾಕೆ, ಹೊತ್ಕೊಂಡೇ ಹೋಗ್ರಪ್ಪ, ನನ್ನ ಸಸಿಗೆ ಜಾಗ ಆಗುತ್ತೆ. ಹಳೇ ಕಾಲದಲ್ಲಿ ನೀವು ಹೊತ್ಕೊಂಡು ಹೋಗದೇ ಇದ್ದಿದ್ದು ಇದೊಂದೇ."

"ನಾವು ನಿಮ್ಮೂರ ಮಗಳನ್ನ ಹೊತ್ಕೊಂಡು ಹೋಗಿದ್ವಿ ತಾಯಿ," ಎಂದಳು ಅಮ್ಮ. "ಅವಳ ಸಲಾಮು ತಂದಿದ್ದೀನಿ."

ಬಿ ತಿಮ ಸೊಂಟ ನೆಟ್ಟಗೆ ಮಾಡಿ ನಿಂತಳು. ಅಮ್ಮ ಸಂಗತಿ ಹೇಳಿದಳು. ಕೇಳುತ್ತಾ ಕೇಳುತ್ತಾ ತಿಮ ಸಸಿಗಳ ಎಲೆ ಸರಿಸಿ ದಾರಿ ಮಾಡಿಕೊಟ್ಟಳು.

ಅಮ್ಮ ಒಳಗೆ ಕಾಲಿಟ್ಟಳು. ಆದರೆ ಸಲಾಮು ಹೇಳಲಿಲ್ಲ. ಗೋಡೆ ಸವರುತ್ತಾ ಹೋದಳು. ಮುಖಕ್ಕೆ ಬಿಸಿಲು ಬೀಳುವ ಕಡೆಯಿಂದ ದಿಕ್ಕು ಹಿಡಿದು, ತೆಂಕಣ ಗೋಡೆಯ ಮುಂದೆ ನಿಂತಳು.

"ಬುನು, ಈ ಗೋಡೆಯಲ್ಲಿ ಕಿಟಕಿ ಎಲ್ಲಿದೆ?"

ನೋಡಿದೆ. ಆ ಗೋಡೆ ಬೇರೆಲ್ಲಕ್ಕಿಂತ ಗಟ್ಟಿಯಾಗಿ, ಎರಡು ಆಳೆತ್ತರಕ್ಕೆ ಇಡಿಯಾಗಿ ನಿಂತಿತ್ತು. ಒಂದು ತೂತೂ ಇರಲಿಲ್ಲ.

"ಕಿಟಕಿ ಇಲ್ಲಮ್ಮ."

"ಹಾಗಾದ್ರೆ ಇದಲ್ಲ."

*ತೆಂಕಣ ಗಾಳಿಗೆ ತೆರೆದ ಕಿಟಕಿಯ ಕೆಳಗೆ*
*ಕೂತಿಹಳು ಮಣಿಗಳನು ಪೋಣಿಸುತ ಒಳಗೆ.*

ಹೌದು, ಪದ್ಯ ಹಾಗೇ ಹೇಳುತ್ತದೆ. ಕವಿತೆಯಲ್ಲಿ ಕಿಟಕಿ ಎಂದರೆ ಏನೋ ಒಂದು ಅಂದ ಎಂದುಕೊಂಡಿದ್ದೆ ನಾನು.

"ಎಷ್ಟೋ ಕಾಲ ಆಯ್ತು. ಮುಚ್ಚಿರಬಹುದು," ಎಂದೆ. "ಇಲ್ಲೇ ಹೇಳಿಬಿಡಮ್ಮ. ದೇವರಿಗೆ ಗೊತ್ತಾಗುತ್ತೆ."

"ದೇವರಿಗೆ ಕೊಡಬೇಕಾದ ಸಲಾಮಲ್ಲ ಇದು. ನಮ್ಮ ಮನೆ ಸಲಾಮನ್ನ ಯಾರದೋ ಮನೇಲಿ ಇಟ್ಟು ಹೋಗ್ಲಾ? ಅದಕ್ಕಿಂತ ಕೊಡದೇ ಇರೋದೇ ವಾಸಿ."

ಅಷ್ಟರಲ್ಲಿ ಕುಪಿ ದಡದಿಂದ ಓಡಿ ಬಂದ. "ನೀರು ನಿಂತಿದೆ. ಇನ್ನು ಇಳಿಯೋದೇ. ಆಯ್ತಾ?"

"ಆಗಿಲ್ಲ," ಎಂದೆ. ಓಣಿಯಲ್ಲಿ ಇನ್ನೂ ಮುಂದಿನ ಮನೆ ನೋಡಿದೆ, ಹಿಂದಿನದು ನೋಡಿದೆ. ಎದುರು ಸಾಲಿನಲ್ಲಿ ನೋಡಿದೆ. ಒಂದು ಕಡೆ ಕಿಟಕಿ ಇತ್ತು, ಆದರೆ ಬಡಗು ದಿಕ್ಕಿಗೆ. ಇನ್ನೊಂದು ಕಡೆ ಗೋಡೆಯೇ ಇರಲಿಲ್ಲ. ಬೆವರು ಕಣ್ಣಿಗಿಳಿಯಿತು. ಅಮ್ಮನನ್ನು ಇಷ್ಟು ದೂರ ಕರೆತಂದು, ಬರಿಗೈಯಲ್ಲಿ ಅಲ್ಲ, ತುಂಬಿದ ಕೈಯಲ್ಲೇ ವಾಪಸ್ ಕರೆದೊಯ್ಯುತ್ತೇನಲ್ಲ ಎಂದು ಸಂಕಟವಾಯಿತು. ಮತ್ತೆ ಬರುವಷ್ಟು ಶಕ್ತಿ ಅವಳಲ್ಲಿ ಇಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಅಮ್ಮ ಒಂದು ಕಲ್ಲಿನ ಮೇಲೆ ಕೂತು ಮೆಲ್ಲಗೆ ಆ ನುಡಿಯನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು. ಬಿ ತಿಮ ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು.

"ಬೀದಿಯ ವಿಷಯ ಏನೂ ಇಲ್ವಲ್ಲ ಇದ್ರಲ್ಲಿ," ಎಂದ ಕುಪಿ, ಬೇಸರದಿಂದ. "ಎಡಕ್ಕೆ ತಿರುಗು ಅಂತ ಇಲ್ಲ, ಬಲಕ್ಕೆ ತಿರುಗು ಅಂತ ಇಲ್ಲ. ಮನೆಯಿಂದ ಮನೆಗೆ, ಮನೆಯಿಂದ ಮನೆಗೆ. ಏನು, ಆ ಅಜ್ಜಿ ಹಾರ್ಕೊಂಡು ಹೋಗ್ತಿದ್ಲಾ?"

ಬಿ ತಿಮ ನಕ್ಕಳು. ಅಮ್ಮ ನಗಲಿಲ್ಲ. ಹೇಳುತ್ತಿದ್ದದ್ದನ್ನು ನಿಲ್ಲಿಸಿ, ಕುಪಿಯ ದನಿ ಬಂದ ಕಡೆಗೆ ಮುಖ ಮಾಡಿದಳು. ಆಮೇಲೆ ನಗತೊಡಗಿದಳು. ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅಕ್ಕ ಹೋದ ಮೇಲೆ ಕೇಳಿರಲಿಲ್ಲ.

"ನನ್ನನ್ನ ಎಲ್ಲಿ ನಡೆಸಿದ್ಯೋ ಬುನು?"

"ಓಣೀಲಿ."

"ಓಣೀಲಿ ಯಾಕೆ ಹೋಗ್ತಾಳೋ ಅವಳು? ದೊಡ್ಡ ಮನೆ ಹೆಣ್ಣು ಹಾಡುಹಗಲು ಓಣೀಲಿ ಕಾಲಿಡ್ತಾಳಾ? ನಾನು ನಿನ್ನ ಚಿಕ್ಕಮ್ಮನ ಮನೆಗೆ ಹೇಗೆ ಹೋಗ್ತಿದ್ದೆ, ನೋಡಿಲ್ವಾ ನೀನು?"

ನೋಡಿದ್ದೆ. ದಿನಾ ನೋಡಿದ್ದೆ. ಲಾಮುವಿನ ನಮ್ಮ ಮನೆಯ ಮಹಡಿಯಿಂದ ಎದುರು ಮನೆಯ ಮಹಡಿಗೆ, ಓಣಿಯ ನೆತ್ತಿಯ ಮೇಲೆ, ಒಂದು ಸಣ್ಣ ಕೋಣೆ ಸೇತುವೆಯ ಹಾಗೆ ಹಾಯ್ದಿದೆ. ವಿಕಿಯೊ ಎನ್ನುತ್ತೇವೆ. ಹೆಂಗಸರು ಅದರಲ್ಲೇ ಮನೆಯಿಂದ ಮನೆಗೆ ಹೋಗುತ್ತಿದ್ದರು. ಕೆಳಗೆ ನಾವು ಗಂಡಸರು, ಕತ್ತೆಗಳು. ಹುಡುಗನಾಗಿದ್ದಾಗ ಓಣಿಯಲ್ಲಿ ಆಡುತ್ತಿದ್ದರೆ ನನ್ನ ತಲೆಯ ಮೇಲೆ ಅಮ್ಮನ ಬಳೆ ಸದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿತ್ತು. ಅದೆಲ್ಲ ಗೊತ್ತಿದ್ದೂ, ಹೆಂಗಸಿನ ಪದ್ಯವನ್ನು ಹಿಡಿದು ಗಂಡಸಿನ ದಾರಿಯಲ್ಲಿ ನಡೆದಿದ್ದೆ.

*

ನಾನಾಳ ಮನೆಗೆ ಹಿಂತಿರುಗಿದೆವು. ಈ ಸಲ ನಾನು ಕೆಳಗೆ ನೋಡಲಿಲ್ಲ. ಓಣಿಯ ಕಡೆಯ ಗೋಡೆಯ ಎತ್ತರದಲ್ಲಿ, ವಿಕಿಯೊ ಹೊರುವ ಕಾಂಡ್ಲದ ತೊಲೆಗಳನ್ನು ಸಿಕ್ಕಿಸಿದ್ದ ಚೌಕ ತೂತುಗಳು ಸಾಲಾಗಿದ್ದವು. ಎದುರು ಗೋಡೆಯಲ್ಲೂ ಅಷ್ಟೇ ಎತ್ತರದಲ್ಲಿ ಅಂಥದೇ ಸಾಲು, ಈ ಸಾಲಿನ ಮುಖ ನೋಡುತ್ತಿತ್ತು. ನಡುವೆ ತೊಲೆಯಿಲ್ಲ, ಬರೀ ಆಕಾಶ.

"ದಾಟ್ತಿದ್ದೀವಾ?" ಎಂದಳು ಅಮ್ಮ, ನಾನು ಅವಳನ್ನು ಓಣಿಗೆ ಅಡ್ಡವಾಗಿ ನಡೆಸುವಾಗ.

"ದಾಟ್ತಿದ್ದೀವಿ."

ಎಶಾಳ ಮನೆ ಎದುರು ಸಾಲಿನಲ್ಲಿತ್ತು. ಅದರ ಹಿತ್ತಿಲಿನ ಗೋಡೆಯಲ್ಲಿ ಮತ್ತೆ ತೂತುಗಳು, ಹಿಂದಿನ ಓಣಿಯ ಆಚೆ ಮತ್ತೆ ಅವುಗಳ ಜೋಡಿ. ಅದು ಸೌದಾಳದು. ನಾವು ಕೆಳಗೆ ಹೊಗೆಸೊಪ್ಪು ತುಳಿಯದ ಹಾಗೆ ಓರೆಯಾಗಿ ನಡೆಯುತ್ತಿದ್ದೆವು. ಪದ್ಯ ನಮ್ಮ ತಲೆಯ ಮೇಲೆ ನೆಟ್ಟಗೆ ನಡೆಯುತ್ತಿತ್ತು. ಬಿ ತಿಮ ಮುಂದೆ ಹೋಗಿ ಮುಳ್ಳು ಕಡಿಯುತ್ತಿದ್ದಳು. "ನಮ್ಮತ್ತೆಗೆ ಇದೆಲ್ಲ ಹೇಳ್ಬೇಕು. ಅವರು ಬಿದ್ದ ಗೋಡೆಗಳ ಕಲ್ಲು ಎಣಿಸ್ಕೊಂಡು ಮರುಗ್ತಾ ಕೂತಿದ್ದಾರೆ, ಒಳಗೆ ಇಷ್ಟೊಂದು ನೆಂಟಸ್ತನ ಇದೆ ಅಂತ ಯಾರಿಗೆ ಗೊತ್ತಿತ್ತು," ಎನ್ನುತ್ತಿದ್ದಳು.

ಸೌದಾಳ ಮನೆಯಿಂದ ಮುಂದೆ ಓಣಿ ಇರಲಿಲ್ಲ. ಎರಡು ಮನೆಗೂ ಒಂದೇ ನಡುಗೋಡೆ. ಅದರಲ್ಲಿ ಮೇಲ್ಗಡೆ, ಮೆಟ್ಟಿಲಿಲ್ಲದ ಎತ್ತರದಲ್ಲಿ, ಒಂದು ಬಾಗಿಲು ತೆರೆದಿತ್ತು. ಸುತ್ತಿ ಬಂದು ಆ ಕಡೆ ನಿಂತೆವು. ಆ ನಡುಗೋಡೆ ಬಿಟ್ಟರೆ ಬೇರೆ ಗೋಡೆಗಳು ಬಿದ್ದು ಹೋಗಿದ್ದವು. ತೆಂಕಣ ದಿಕ್ಕಿನಲ್ಲಿ ಮಾತ್ರ ಒಂದು ತುಂಡು, ಮಹಡಿಯ ಎತ್ತರಕ್ಕೆ, ನಿಂತಿತ್ತು. ಅದರ ನಡುವೆ ಕಿಟಕಿ. ಗಾರೆಯ ಮೇಲೆ ಕೆತ್ತಿದ ಹೂಬಳ್ಳಿ ಚೌಕಟ್ಟಿನ ಸುತ್ತ ಇನ್ನೂ ಇತ್ತು. ಗಾಳಿ ಅದರೊಳಗಿಂದ ಬಂದು, ಮನೆಯಿಲ್ಲದ ಮನೆಯನ್ನು ಹಾದು, ನಮ್ಮ ಮುಖಕ್ಕೆ ತಾಕುತ್ತಿತ್ತು.

ನಾನು ಬಾಯಿ ತೆರೆಯಬೇಕಾಗಲಿಲ್ಲ. ಅಮ್ಮನ ಮುಸುಕಿನ ಅಂಚು ಅಲುಗಿತು. ಅವಳು ಅದನ್ನು ಬೆರಳಿನಲ್ಲಿ ಹಿಡಿದು ನಿಂತಳು.

"ಮಹಡಿ ಇದೆಯಾ?" ಎಂದಳು.

"ಇಲ್ಲಮ್ಮ. ಕೋಣೆ ಇದ್ದ ಜಾಗ ನಮ್ಮ ತಲೆ ಮೇಲಿದೆ. ಆಕಾಶ."

"ಅಷ್ಟಿದ್ರೆ ಸಾಕು." ಆಮೇಲೆ, "ನೀನು ಆಚೆ ಹೋಗು. ಇದು ಹೆಂಗಸರ ಕೋಣೆ," ಎಂದಳು.

ನಾನು ಹಿಂದೆ ಸರಿದು, ಬಿದ್ದ ಗೋಡೆಯ ಆಚೆ ನಿಂತೆ. ಕುಪಿಯೂ ಬಂದು ನಿಂತ. ಬಿ ತಿಮ ಮಾತ್ರ ಅಮ್ಮನ ಮೊಣಕೈ ಹಿಡಿದು ಒಳಗೆ ಉಳಿದಳು. ಅಮ್ಮ ಚಪ್ಪಲಿ ಬಿಟ್ಟಳು. ಮುಖ ಮೇಲೆತ್ತಿದಳು. ಪದ್ಯದ ರಾಗದಲ್ಲಿ ಅಲ್ಲ, ನೆರೆಮನೆಗೆ ಹೋದಾಗ ಆಡುವ ದನಿಯಲ್ಲಿ ಹೇಳಿದಳು:

"ಅಸ್ಸಲಾಮು ಅಲೈಕುಮ್ ತಾಯಿ. ನಿಮ್ಮ ಮಗಳು ಬಾರ್ಕೆ ಸಲಾಮು ಹೇಳಿದ್ದಾಳೆ. ತಡ ಆಯ್ತು. ನಮ್ಮಲ್ಲಿ ಯಾರಿಗೂ ಆಗ್ಲಿಲ್ಲ. ಅವಳು ಊಟ ಬಿಡಲಿಲ್ಲ, ಗಂಡ ಒಳ್ಳೆಯವನು. ಅತ್ತಿದ್ದು ಮಾಂಡಾದ ಹತ್ತಿರ ಒಂದು ಸಲ, ಅಷ್ಟೇ ಅಂತೆ."

ಕೊನೆಯದು ಪದ್ಯದಲ್ಲಿ ಇಲ್ಲ. ಬಾರ್ಕೆ ಅಜ್ಜಿ ಲಾಮುವಿನಲ್ಲಿ ಸಾಯುವವರೆಗೂ ಅತ್ತಳೆಂದು ಅಮ್ಮನೇ ನಮಗೆ ಎಷ್ಟೋ ಸಲ ಹೇಳಿದ್ದಳು.

ಸಲಾಮಿಗೆ ಮರುಸಲಾಮು ಬರಬೇಕು. ಬಿ ತಿಮಳ ತುಟಿ ಅಲುಗಿದ್ದು ಕಂಡೆ, ಆದರೆ ಅವಳು ಉತ್ತರಿಸಲಿಲ್ಲ. ಅದು ಅವಳಿಗೆ ಬಂದ ಸಲಾಮಲ್ಲ. ನಾನೂ ಉತ್ತರಿಸಲಿಲ್ಲ. ಅಮ್ಮ ಮುಖ ಮೇಲೆತ್ತಿಕೊಂಡೇ ಕಾದಳು.

ಊರಿನ ಕಡೆಯಿಂದ ಮಧ್ಯಾಹ್ನದ ಬಾಂಗು ಎದ್ದಿತು.

"ಅಣ್ಣ," ಎಂದು ಪಿಸುಗುಟ್ಟಿದ ಕುಪಿ. "ನೀರು."

"ಅಮ್ಮ," ಎಂದು ಕರೆದೆ. "ಮುಟ್ಟಿಸಿಯಾಯ್ತಲ್ಲ. ಹೊರಡೋಣವಾ? ದೋಣಿ ಕೆಸರಿಗೆ ಬೀಳುತ್ತೆ."

"ಉತ್ತರ ಬಂದಿಲ್ವಲ್ಲ."

"ಅಮ್ಮ..."

"ಬಾಂಗು ಕೇಳಿಸ್ಲಿಲ್ವಾ ನಿನಗೆ? ಆ ತಾಯಿ ನಮಾಜಿಗೆ ನಿಂತಿರ್ತಾಳೆ. ನಮಾಜಿನಲ್ಲಿ ಇರೋರು ಸಲಾಮಿಗೆ ಉತ್ತರ ಕೊಡಲ್ಲ. ಮುಗಿಸಿ ಕೊಡ್ತಾಳೆ. ನೀವೂ ಹೋಗಿ ನಮಾಜು ಓದ್ಕೊಂಡು ಬನ್ನಿ."

ಕುಪಿ ನನ್ನ ಮುಖ ನೋಡಿದ. ಬಿ ತಿಮ ಒಳಗಿಂದಲೇ, "ನೀನು ದೋಣಿ ತಗೊಂಡು ಹೋಗಪ್ಪ. ಅಜ್ಜಿ ನಮ್ಮನೇಲಿ ಇರ್ತಾರೆ. ತೆಂಗಿನಹಾಲಿನ ಅನ್ನ ಇದೆ, ಮೀನಿದೆ. ಲಾಮುನವರ ಹಲ್ವ ಒಂದಿಲ್ಲ, ಸಹಿಸ್ಕೊಳ್ಳಲಿ," ಎಂದಳು.

"ನಾಳೆ ಭರತಕ್ಕೆ ಬಾ," ಎಂದು ಕುಪಿಗೆ ಹೇಳಿ ದಡದವರೆಗೆ ಹೋದೆ. ನೀರು ಆಗಲೇ ಕಾಂಡ್ಲದ ಬೇರುಗಳನ್ನು ಬಿಟ್ಟು ಕೆಳಗಿಳಿದಿತ್ತು. ಇಬ್ಬರೂ ದೋಣಿಯನ್ನು ತಳ್ಳಿದೆವು. ಊರೊಳಗಿನ ಮಸೀದಿಯಲ್ಲಿ ನಮಾಜು ಮಾಡಿ, ಅಮ್ಮನ ಹೆಸರಿಗೂ, ಬಾರ್ಕೆಯ ಹೆಸರಿಗೂ, ಜೇನಾಳ ಹೆಸರಿಗೂ ಕೈಯೆತ್ತಿ ಬೇಡಿ, ಹಿಂತಿರುಗಿದೆ.

ಬಿದ್ದ ಗೋಡೆಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ಅಮ್ಮನ ದನಿ ಕೇಳಿಸಿತು. ಅವಳು ಮಾತಾಡುತ್ತಿದ್ದಳು. ಒಂದಿಷ್ಟು ಹೇಳುವುದು, ನಿಲ್ಲಿಸುವುದು, ಹೂಂಗುಟ್ಟುವುದು, ಮತ್ತೆ ಹೇಳುವುದು. ನಡುನಡುವೆ ಜೇನಾ ಎನ್ನುವ ಹೆಸರು ಬರುತ್ತಿತ್ತು. ಬಿ ತಿಮ ಅಲ್ಲಿರಲಿಲ್ಲ, ಅವಳು ದೂರದ ಮಡಿಯಲ್ಲಿ ಬೆನ್ನು ಮಾಡಿ ಹುಳ ಆರಿಸುತ್ತಿದ್ದಳು.

ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಮಾತು ಬಿಡಿಬಿಡಿಯಾಗಿ ಕೇಳುತ್ತಿತ್ತು. ಹುಟ್ಟಿದಾಗಿನಿಂದ ಕಿವಿಗೆ ಬಿದ್ದದ್ದನ್ನೆಲ್ಲ ಹೆಕ್ಕಿಕೊಂಡೇ ಬೆಳೆದವನು ನಾನು, ಆ ಎರಡು ಹೆಜ್ಜೆಗೆ ಕಾಲು ತುಡಿಯಿತು. ಆದರೆ ಅದು ಹೆಂಗಸರ ಕೋಣೆ, ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಗಾಳಿ ಕಿಟಕಿಯಿಂದ ಅಮ್ಮನ ಕಡೆಗೆ ಬೀಸುತ್ತಿತ್ತು, ನನ್ನ ಕಡೆಗಲ್ಲ.